ಶುಶ್ರೂಷೆಯ ಶಾಲೆಯಲ್ಲಿ ಮಾತ್ಸರ್ಯ

ಕೆಲವು ವರ್ಷಗಳ ಹಿಂದೆ ನಮ್ಮ ತಾಯಿಯವರು ಆಸ್ಪತ್ರೆಯೊಂದರಲ್ಲಿ ಹನ್ನೆರಡು ದಿನ ಮಲಗಿದ್ದಾಗ, ಮಂಚದ ಪಕ್ಕದಲ್ಲಿ ಕುಳಿತಿರುತ್ತಿದ್ದ ನನಗೆ ನರ್ಸಿಂಗ್ ವಿದ್ಯಾರ್ಥಿನಿಯರ ದಿನಚರಿಯನ್ನು ಹತ್ತಿರದಿಂದ ಕಾಣುವ ಸಂದರ್ಭ ಒದಗಿತು. ವೃದ್ಧರ ರಕ್ತನಾಳವು ಸೂಜಿಯ ಮೊನೆ ತಗುಲಿದೊಡನೆ ಪಕ್ಕಕ್ಕೆ ಜಾರುವುದುಂಟು. ಎಡಗೈಯ ಮಣಿಕಟ್ಟಿನ ಬಳಿ ಚರ್ಮವನ್ನು ಹೆಬ್ಬೆರಳಿನಿಂದ ಕೆಳಕ್ಕೆ ಎಳೆದು ಹಿಡಿದರೆ ಅದು ನಿಲ್ಲುತ್ತದೆಂಬುದನ್ನು ಒಬ್ಬ ಹುಡುಗಿ ತಾನಾಗಿಯೇ ಕಂಡುಕೊಂಡು, ಒಂದೇ ಸಲಕ್ಕೆ ರಕ್ತ ತೆಗೆದು, ವಾರ್ಡಿನ ಸಿಸ್ಟರಿಂದ ಶಹಬಾಸ್ ಎನಿಸಿಕೊಂಡಳು. ಮರುದಿನ ಬಂದ ಸಹಪಾಠಿಗೆ ಅವಳು ಅದನ್ನು ತಿಳಿಸಲಿಲ್ಲ. ಕೇಳಲು ಇವಳಿಗೂ ಮನಸ್ಸು ಬರಲಿಲ್ಲ. ಮೂರು ಬಾರಿ ಚುಚ್ಚಿಸಿಕೊಂಡ ತಾಯಿಯವರ ತೋಳು ಸಂಜೆಯ ಹೊತ್ತಿಗೆ ಕಪ್ಪಿಟ್ಟಿತು.

ಆ ಇಬ್ಬರಲ್ಲಿ ಯಾರೂ ಕೆಟ್ಟವರಲ್ಲ. ಅರಿಷಡ್ವರ್ಗದಲ್ಲಿ ಮಾತ್ಸರ್ಯವನ್ನು ಕಡೆಯದಾಗಿ ಎಣಿಸಿದ ನಮ್ಮ ಹಿರಿಯರು ಅದನ್ನು ಮನುಷ್ಯನು ತನ್ನೊಳಗೇ ಗೆಲ್ಲತಕ್ಕ ಶತ್ರುವೆಂದು ಬಗೆದರು; ಪತಂಜಲಿಯೂ ಪುಣ್ಯವಂತರ ವಿಷಯದಲ್ಲಿ ಮುದಿತೆಯನ್ನು ಭಾವಿಸಬೇಕೆಂದು ವಿಧಿಸಿದನು. ಆ ಉಪದೇಶದಲ್ಲಿ ನನಗೆ ಪೂರ್ಣ ಶ್ರದ್ಧೆಯಿದೆ. ಆದರೆ ಸಿಕ್ಕುವ ಅವಕಾಶ ಒಂದು, ಕಾದಿರುವ ಕೈಗಳು ಹತ್ತು ಎಂಬಂಥ ಸ್ಥಳದಲ್ಲಿ ಹದಿನೆಂಟರ ಹುಡುಗಿಯನ್ನು ನಿಲ್ಲಿಸಿ, ಅನಂತರ ಅಸೂಯೆ ಹುಟ್ಟಿತೆಂದು ಅವಳನ್ನೇ ದೂಷಿಸುವುದು ನ್ಯಾಯವಲ್ಲ.

ಇಂತಿಷ್ಟು ಹೆರಿಗೆಗಳನ್ನು ಮಾಡಿಸಿರಬೇಕೆಂಬ ಲೆಕ್ಕವು ಪ್ರತಿ ವಿದ್ಯಾರ್ಥಿನಿಯ ಕೇಸ್ ಬುಕ್ಕಿನಲ್ಲಿ ತುಂಬಬೇಕು. ಪ್ರತಿಯೊಂದಕ್ಕೂ ಮೇಲ್ವಿಚಾರಕಿಯ ರುಜು ಬೀಳಬೇಕು. ರಾತ್ರಿಯೆಲ್ಲ ಹೆರಿಗೆ ಕೋಣೆಯಲ್ಲಿ ಕಾದವಳು ಪಾಳಿ ಮುಗಿಸಿ ಹಾಸ್ಟೆಲಿಗೆ ಹಿಂದಿರುಗಿದ ಅರ್ಧಗಂಟೆಯಲ್ಲಿ ಮಗು ಹುಟ್ಟಿ, ಆ ‘ಕೇಸು’ ಮತ್ತೊಬ್ಬಳ ಪುಸ್ತಕ ಸೇರಿತೆಂದರೆ, ಹೊಸ ಜೀವ ಬಂದ ಸಂತೋಷಕ್ಕೆ ಮೊದಲು ತನಗೆ ತಪ್ಪಿಹೋದುದರ ಸಂಕಟವೇ ತಲೆಯೆತ್ತುವುದರಲ್ಲಿ ಆಶ್ಚರ್ಯವಿಲ್ಲ. ಒಬ್ಬ ವಿದ್ಯಾರ್ಥಿಗೆ 3 ರೋಗಿಗಳಾದರೂ ಇರಬೇಕೆಂದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡವಿದೆ; ಅದು ಕಾಗದದ ಮೇಲೆ ಮಾತ್ರ ಉಳಿಯುವ ಕಡೆಗಳಲ್ಲಿ ಮಾತ್ಸರ್ಯವನ್ನು ನಾವೇ ನೀರೆರೆದು ಬೆಳೆಸಿದಂತೆ. ವಿದ್ಯಾರ್ಥಿನಿಯರನ್ನು ಮೇಲಿನವರು ಅಳೆಯುವ ಪದ್ಧತಿಯೂ ಹಳೆಯದೇ. ಫ್ಲಾರೆನ್ಸ್ ನೈಟಿಂಗೇಲಳ ನರ್ಸಿಂಗ್ ಶಾಲೆಯು 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆರಂಭವಾದಾಗ ಇದ್ದವರು 15 ಮಂದಿ. ಅವರ ಸಮಯಪಾಲನೆ, ಶುಚಿತ್ವ, ವಿಶ್ವಾಸಾರ್ಹತೆಗಳನ್ನು ಮೇಟ್ರನ್ ವಾರ್ಡ್‌ರೋಪರ್ ತಿಂಗಳು ತಿಂಗಳೂ ಬರೆದಿಡುತ್ತಿದ್ದಳು. ಇಂದಿಗೂ ಇಂಟರ್ನಲ್ ಅಂಕಗಳು ಕೆಲವೇ ಕೈಗಳಲ್ಲಿರುವುದರಿಂದ, ಯಾರು ಯಾರಿಗೆ ಅಚ್ಚುಮೆಚ್ಚು ಎಂಬ ಲೆಕ್ಕಾಚಾರವು ಹಾಸ್ಟೆಲಿನ ಊಟದ ಸಾಲಿನವರೆಗೂ ಹಿಂಬಾಲಿಸುತ್ತದೆ.

ಇದಕ್ಕೆ ಭಾಷೆಯ ಬೇಗುದಿಯೂ ಸೇರಿದೆ. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ ಬಂದವಳು, ಇಂಗ್ಲಿಷಿನಲ್ಲಿ ಸರಾಗವಾಗಿ ಕೇರ್ ಪ್ಲಾನ್ ಬರೆಯುವ ಗೆಳತಿಯನ್ನು ನೋಡಿ ಒಳಗೊಳಗೇ ಬೇಯುತ್ತಾಳೆ. ಆ ಗೆಳತಿಯೋ, ಸಿಂಧನೂರಿನ ಅಜ್ಜಿಯೊಬ್ಬಳು ‘ಹೊಟ್ಟ್ಯಾಗ ತಳಮಳ’ ಎಂದಾಗ ಏನೂ ತಿಳಿಯದೆ ನಿಂತು, ಇವಳು ಅಜ್ಜಿಯ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಕೇಳಿ ತಿಳಿಯುವುದನ್ನು ಕಂಡು ಕೊರಗುತ್ತಾಳೆ. ಒಬ್ಬಳಲ್ಲಿ ಇಲ್ಲದುದು ಇನ್ನೊಬ್ಬಳಲ್ಲಿ ಇಷ್ಟು ಹತ್ತಿರದಲ್ಲಿದ್ದೂ ವಿನಿಮಯವಾಗದೆ ಹೋಗುವುದು ನನಗೆ ಬಹಳ ನೋವಿನ ಸಂಗತಿಯಾಗಿ ತೋರುತ್ತದೆ, ಏಕೆಂದರೆ ಆ ನಷ್ಟವನ್ನು ಕೊನೆಗೆ ತೆರುವವಳು ಮಂಚದ ಮೇಲೆ ಮಲಗಿದ ಅಜ್ಜಿ.

ಆದುದರಿಂದ ಬೋಧಕರಲ್ಲಿಯೂ ವಿಶ್ವವಿದ್ಯಾನಿಲಯದಲ್ಲಿಯೂ ನನ್ನ ಪ್ರಾರ್ಥನೆಯಿಷ್ಟೆ: ಕೇಸ್ ಬುಕ್ಕಿನಲ್ಲಿ ‘ನಾನು ಮಾಡಿದ್ದು’ ಎಂಬ ಅಂಕಣದ ಪಕ್ಕದಲ್ಲಿ ‘ನಾನು ಕಲಿಸಿಕೊಟ್ಟದ್ದು’ ಎಂಬ ಇನ್ನೊಂದು ಅಂಕಣವಿರಲಿ, ಕಲಿತ ಸಹಪಾಠಿಯೇ ಅದಕ್ಕೆ ರುಜು ಹಾಕಲಿ, ಪಾಳಿ ಬದಲಾಗುವಾಗ ಕೊಡುವ ಹ್ಯಾಂಡ್‌ಓವರಿಗೂ ಅಂಕಗಳಿರಲಿ.

ನಾಲ್ಕನೆಯ ದಿನ ಬಂದವಳು ಮೂರನೆಯ ಹುಡುಗಿ. ಟ್ರೇ ಹಿಡಿದಿದ್ದ ಅವಳ ಕೈ ನಡುಗುತ್ತಿದ್ದುದನ್ನು ಕಂಡ ತಾಯಿಯವರು ತಮ್ಮ ಎಡಗೈಯನ್ನು ತಾವೇ ಮುಂದೆ ಚಾಚಿ, ‘ಇಲ್ಲಿ ನೋಡು ಮಗಳೇ, ತೊಗಲನ್ನು ಹೆಬ್ಬೆರಳಿನಿಂದ ಹೀಗೆ ಕೆಳಕ್ಕೆ ಎಳೆದುಕೋ’ ಎಂದರು.