ಬಿದ್ದ ಮರ ಸರಿ, ನಿಂತ ಮರ ಯಾಕೆ?

ಮೊನ್ನೆ ಗಾಳಿಮಳೆಗೆ ಕೆರೆ ಏರಿ ಮೇಲೆ ಬುಡಸಮೇತ ಬಿದ್ದ ಜಾಲಿಮರಗಳನ್ನು ಸೌದೆಗೆ ಒಯ್ಯಲಿ, ತಪ್ಪಲ್ಲ. ನೀರೊಲೆಗೆ ಸೌದೆ ಬೇಕೇ ಬೇಕು. ಆದರೆ ಬರೀ ಕೊಂಬೆ ಮುರಿದ ಹೊಂಗೆಮರವನ್ನೂ "ಹೆಂಗೂ ಹಾಳಾಗಿದೆ" ಅಂತ ಕಡಿಯೋದು ನನಗೆ ಸರಿ ಕಾಣಲ್ಲ. ಬುಡ ಗಟ್ಟಿಯಿದ್ರೆ ಹೊಂಗೆ ಮತ್ತೆ ಚಿಗುರುತ್ತೆ. ಅದರ ಸೊಪ್ಪು ಗದ್ದೆಗೆ ಗೊಬ್ಬರ, ಬೀಜದಲ್ಲಿ ಎಣ್ಣೆ. ಸೀಳಿದ ಕೊಂಬೆಯನ್ನಷ್ಟೇ ಕೊಯ್ದರೆ ಸಾಕು.

ಅಲ್ಲದೆ ಹಸಿಸೌದೆ ಎಲ್ಲಿ ಉರಿಯುತ್ತೆ? ಒಳಗಿನ ನೀರು ಆರಿಸೋದಕ್ಕೇ ಬೆಂಕಿಯ ಕಾವು ಹೋಗುತ್ತೆ, ಅಮ್ಮಂದಿರ ಕಣ್ಣಿಗೆ ಹೊಗೆ. ಸೀಳಿ, ಮಳೆ ತಾಗದ ಹಾಗೆ ಒಟ್ಟಿ, ತಿಂಗಳುಗಟ್ಟಲೆ ಒಣಗಿಸಬೇಕು. ಮತ್ತೆ ಇಷ್ಟು ಅವಸರ ಯಾಕೆ? (ಕೊಡಲಿ ತಂದವರಿಗೇ ಗೊತ್ತು!) ಹೊಂಗೆಮರ ಉಳಿಸಿ ಅಂತ ನಮ್ಮ ತರಗತಿಯವರು ಪಂಚಾಯಿತಿಗೆ ಅರ್ಜಿ ಬರೆದಿದ್ದೇವೆ. ಸಹಿ ಹಾಕುವವರು ಶನಿವಾರದೊಳಗೆ ಹಾಕಿ, ಮೇಷ್ಟ್ರುಗಳೂ ಸಹ.