ಬೇಸಿಲ್ ಅಂದ್ರೆ ಕಾಮಕಸ್ತೂರಿ ಗುರು!

ಪಿಜ್ಜಾ ಮೇಲೆ ಬಿದ್ದಿರೋ ಎರಡು ಹಸಿರು ಎಲೆ ನೋಡಿ ನಾವೆಲ್ಲ ಥಟ್ಟನೆ 'ಬೇಸಿಲ್' ಅಂತೀವಿ. ಅದೇ ಗಿಡ ಅಜ್ಜಿಮನೆ ಹಿತ್ತಲಲ್ಲಿ ಕಂಡರೆ 'ತುಳಸಿ ಥರ ಏನೋ' ಅಂದು ಮುಂದೆ ಹೋಗ್ತೀವಿ. ಅದು ಕಾಮಕಸ್ತೂರಿ. ಸಸ್ಯಶಾಸ್ತ್ರದಲ್ಲಿ ಬೇಸಿಲ್‌ಗೂ ಇದಕ್ಕೂ ಒಂದೇ ಹೆಸರು, ಆಸಿಮಮ್ ಬೆಸಿಲಿಕಮ್. ತುಳಸಿ ಇದೇ ಕುಲದ ಇನ್ನೊಂದು ಜಾತಿ, ಅಕ್ಕ-ತಂಗಿ ಅನ್ನಿ. ಫಲೂದಾದಲ್ಲಿ ಲೋಳೆ ಕಟ್ಟಿಕೊಂಡು ತೇಲುವ ಕಪ್ಪು ಸಬ್ಜಾ ಬೀಜವೂ ಇದರದ್ದೇ. ಬೇಂದ್ರೆಯವರ ಒಂದು ಕವನ ಸಂಕಲನದ ಹೆಸರಲ್ಲೇ ಈ ಗಿಡ ಇದೆ. ಇಷ್ಟು ಹತ್ತಿರದ್ದನ್ನು ವಿದೇಶಿ ಸೊಪ್ಪು ಅಂದುಕೊಂಡು, ಸೂಪರ್ ಮಾರ್ಕೆಟ್ಟಿನ ಫ್ರಿಜ್ಜಿನಿಂದ ಪ್ಲಾಸ್ಟಿಕ್ ಡಬ್ಬಿಯಲ್ಲಿ ದುಡ್ಡು ಕೊಟ್ಟು ತರೋದು ನಮಗಂತೂ ವಿಚಿತ್ರ ಅನ್ನಿಸುತ್ತೆ. ಅದರಲ್ಲೂ ಈ ಎಲೆಗೆ ಚಳಿ ಆಗಿಬರಲ್ಲ, ಫ್ರಿಜ್ಜಿನಲ್ಲಿಟ್ಟರೆ ಕಪ್ಪಾಗುತ್ತೆ.

'ಪೆಸ್ಟೊಗೆ ಹಾಕೋ ಇಟಲಿ ತಳಿಯೇ ಬೇರೆ' ಅಂತ ಯಾರಾದರೂ ಹೇಳಬಹುದು. ನಿಜ. ಲಿನಲೂಲ್, ಯುಜಿನಾಲ್, ಮೀಥೈಲ್ ಚಾವಿಕಾಲ್ ಅನ್ನೋ ತೈಲದ ಅಂಶಗಳು ತಳಿಯಿಂದ ತಳಿಗೆ ಹೆಚ್ಚು ಕಡಿಮೆ ಇರ್ತವೆ, ಹಾಗಾಗಿ ಘಮವೂ ಬೇರೆ. ಆದರೆ ಬಾದಾಮಿ ತಿಂದವರು ರಸಪುರಿಯನ್ನು ಮಾವಿನಹಣ್ಣೇ ಅಲ್ಲ ಅಂತಾರಾ?

ಬೆಳೆಸೋದರಲ್ಲಿ ದೊಡ್ಡ ವಿದ್ಯೆ ಏನಿಲ್ಲ. ತಳದಲ್ಲಿ ತೂತಿರುವ ಕುಂಡ, ಸಡಿಲ ಮಣ್ಣು, ಸ್ವಲ್ಪ ಗೊಬ್ಬರ, ದಿನಕ್ಕೆ ಆರು ಗಂಟೆ ಬಿಸಿಲು. ಬೀಜವನ್ನು ಆಳಕ್ಕೆ ಹೂಳಬೇಡಿ, ಮೇಲೆ ಉದುರಿಸಿ ತೆಳ್ಳಗೆ ಮಣ್ಣು ಮುಚ್ಚಿದರೆ ಸಾಕು. ಸುಮಾರು ಒಂದು ವಾರದಲ್ಲಿ ಮೊಳಕೆ ಬರುತ್ತೆ.

ಎಡವಟ್ಟಾಗೋದು ಕೊಯ್ಯೋ ವಿಷಯದಲ್ಲಿ. ತುಳಸಿಗೆ ಪೂಜೆಯ ನಾಲ್ಕು ದಳ ಬಿಟ್ಟರೆ ಕೈ ಹಾಕದ ಮನೆಗಳು ನಮ್ಮವು. ಅದೇ ಮರ್ಯಾದೆ ಕಾಮಕಸ್ತೂರಿಗೂ ಸಿಗುತ್ತೆ. 'ಚೆನ್ನಾಗಿ ಬೆಳೀತಿದೆ, ಯಾಕೋ ಕೀಳ್ತೀಯ?' ಅಂತ ಅಮ್ಮಂದಿರ ತಕರಾರು. ಅಮ್ಮಂದಿರ ಮೇಲೆ ಗೌರವ ಇಟ್ಟುಕೊಂಡೇ ಹೇಳ್ತೀವಿ, ಕೀಳದಿದ್ದರೇ ಈ ಗಿಡ ಕೆಡೋದು. ಒಂಟಿ ಕಡ್ಡಿಯಾಗಿ ಉದ್ದಕ್ಕೆ ಹೋಗಿ, ತೆನೆ ಬಿಟ್ಟು, ಎಲೆ ಸಣ್ಣದಾಗಿ, ಕಾಂಡ ಕಟ್ಟಿಗೆಯಾಗುತ್ತೆ. ಆಮೇಲೆ 'ನಮ್ಮ ಮನೆಗೆ ಈ ಗಿಡ ಆಗಿಬರಲ್ಲ' ಅನ್ನೋ ತೀರ್ಪು ಬೇರೆ.

ಗಿಡ ಒಂದು ಗೇಣು ಆದ ಕೂಡಲೇ ತುದಿಯ ಕುಡಿ ಚಿವುಟಿ, ಒಂದು ಜೋಡಿ ಎಲೆಗೆ ಸರಿಯಾಗಿ ಮೇಲೆ. ತುದಿಯಲ್ಲಿ ತಯಾರಾಗೋ ಆಕ್ಸಿನ್ ಅನ್ನೋ ಹಾರ್ಮೋನು ಪಕ್ಕದ ಮೊಗ್ಗುಗಳನ್ನು ಅದುಮಿ ಇಟ್ಟಿರುತ್ತೆ. ತುದಿ ಹೋದರೆ ಆ ಜೋಡಿ ಎಲೆಗಳ ಕಂಕುಳಿಂದ ಎರಡು ಕವಲು ಹೊರಡ್ತವೆ. ಅವನ್ನೂ ಚಿವುಟಿ, ನಾಲ್ಕು. ಮತ್ತೆ ಚಿವುಟಿ, ಎಂಟು. ಬೈನರಿ ಟ್ರೀ ಬೋರ್ಡ್ ಮೇಲೆ ಅರ್ಥ ಆಗದವರು ಕುಂಡದಲ್ಲಿ ನೋಡಬಹುದು (ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಕೊಡಲ್ಲ ಅಷ್ಟೇ). ಬರೀ ಬುಡದ ದೊಡ್ಡ ಎಲೆಗಳನ್ನೇ ಕಿತ್ತರೆ ಈ ಲಾಭ ಇಲ್ಲ. ಒಂದೇ ಸಲ ಬೋಳಿಸಲೂಬೇಡಿ, ಮೂರನೇ ಒಂದು ಭಾಗ ಸಾಕು. ಬಿಸಿಲೇರೋ ಮುಂಚೆ ಕೊಯ್ದರೆ ಎಲೆ ಬಾಡಿರಲ್ಲ. ತೆನೆ ಕಂಡ ಕಂಡಲ್ಲಿ ಮುರಿಯಿರಿ. ಒಂದು ಗಿಡವನ್ನು ಮಾತ್ರ ಬೀಜಕ್ಕೆ ಅಂತ ಬಿಡಿ, ಜೇನುಹುಳಗಳೂ ಬರ್ತವೆ.

ಹಾಸ್ಟೆಲ್‌ನವರು 'ನಮಗೆಲ್ಲಿ ಹಿತ್ತಲು' ಅನ್ನಬೇಡಿ. ಊರಿಂದ ಬರುವಾಗ ನಾಲ್ಕು ಕುಡಿ ತಂದು, ಕೆಳಗಿನ ಎಲೆ ತೆಗೆದು, ಲೋಟದ ನೀರಲ್ಲಿಟ್ಟರೆ ಒಂದೆರಡು ವಾರದಲ್ಲಿ ಬೇರು ಬಿಡುತ್ತೆ. ಆಮೇಲೆ ಬಿಸಿಲು ಬೀಳೋ ಕಿಟಕಿಯಲ್ಲಿ ಒಂದು ಕುಂಡಕ್ಕೆ ಜಾಗ ಮಾಡಿದರಾಯ್ತು. ಬೀಜ ಬೇಕಾದರೆ ಗ್ರಂಧಿಗೆ ಅಂಗಡಿಗೆ ಹೋಗಿ 'ಕಾಮಕಸ್ತೂರಿ ಬೀಜ' ಅಂತಲೇ ಕೇಳಿ, ಕೊಡ್ತಾರೆ.