ಹಾರ್ನ್ ಹೊಡೆಯುವವರಿಗೆ ಎಲ್ ಬೋರ್ಡ್ ಕಾಣುವುದಿಲ್ಲವೇ?

ಡ್ರೈವಿಂಗ್ ಸ್ಕೂಲಿನ ಕಾರುಗಳನ್ನು ಬೆಳಿಗ್ಗೆ ರಸ್ತೆಗೆ ಬಿಡಬಾರದಂತೆ. ಕಲಿಯುವವರು ಮೈದಾನಕ್ಕೆ ಹೋಗಬೇಕಂತೆ. ಮಂಗಳೂರಿನ ಕುದ್ರೋಳಿ, ಅಳಕೆ, ಮಣ್ಣಗುಡ್ಡ ಕಡೆ ಎಲ್ ಬೋರ್ಡಿನ ಕಾರು ಒಂದು ಕ್ಷಣ ಆಫ್ ಆಗಿ ನಿಂತರೆ ಸಾಕು, ಹಿಂದಿದ್ದವರ ಬಾಯಲ್ಲಿ ಇದೇ ಮಾತು. ಸೀಟಿನಲ್ಲಿ ಹೆಂಗಸು ಕಂಡರಂತೂ ಕಿಟಕಿ ಇಳಿಸಿ ಬೈದೇ ಮುಂದೆ ಹೋಗುತ್ತಾರೆ. ಇದು ಶುದ್ಧ ದುರಹಂಕಾರ. ಹಾಗೆ ಬೈಯುವ ಒಬ್ಬೊಬ್ಬರೂ ಒಂದು ಕಾಲದಲ್ಲಿ ಯಾವುದೋ ರಸ್ತೆಯ ನಡುವೆ ಕಾರು ಆಫ್ ಮಾಡಿಕೊಂಡು ಬೆವರಿದವರೇ.

ಮೈದಾನದಲ್ಲಿ ಗೇರ್ ಹಾಕಲು, ರಿವರ್ಸ್ ತೆಗೆಯಲು ಕಲಿಯಬಹುದು. ಮಂಗಳೂರಿನ ಏರಿನಲ್ಲಿ ನಿಂತ ಕಾರನ್ನು ಹಿಂದಕ್ಕೆ ಜಾರಗೊಡದೆ ಹಾಫ್ ಕ್ಲಚ್ಚಿನಲ್ಲಿ ಎತ್ತುವುದನ್ನು ಯಾವ ಮೈದಾನ ಕಲಿಸುತ್ತದೆ? ಕಾಂಕ್ರೀಟಿನ ಅಂಚಿನಿಂದ ಚಕ್ರ ಇಳಿಯದಂತೆ ಎದುರಿನ ಬಸ್ಸಿಗೆ ಜಾಗ ಕೊಡುವುದನ್ನು? ಶುಕ್ರವಾರ ಜುಮಾ ನಮಾಜ್ ಮುಗಿಸಿ ಹೊರಬರುವ ಜನ, ನವರಾತ್ರಿಯಲ್ಲಿ ಗೋಕರ್ಣನಾಥ ಕ್ಷೇತ್ರಕ್ಕೆ ಮಕ್ಕಳ ಕೈಹಿಡಿದು ಬರುವ ಜನ, ಇವರ ನಡುವೆ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಸಾಗುವುದನ್ನು? ಇದನ್ನೆಲ್ಲ ಕಲಿಯದವನ ಕೈಗೆ ಲೈಸೆನ್ಸ್ ಕೊಟ್ಟರೆ ನಾಳೆ ಅವನು ಬರುವುದು ಇದೇ ರಸ್ತೆಗೆ, ಅದೂ ಪಕ್ಕದಲ್ಲಿ ಮಾಸ್ಟರ್ ಇಲ್ಲದೆ.

ಕಾನೂನು ಕಲಿಯುವವನಿಗೆ ರಸ್ತೆಯನ್ನು ತೆರೆದಿಟ್ಟಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿನ ಹಿಂದೆ ಮುಂದೆ ಬಿಳಿ ಹಿನ್ನೆಲೆಯ ಕೆಂಪು ‘ಎಲ್’ ಇರಬೇಕು, ಲೈಸೆನ್ಸ್ ಇರುವವರು ಪಕ್ಕದಲ್ಲಿ ಕೂತಿರಬೇಕು. ಸ್ಕೂಲಿನ ಕಾರಿಗೆ ಡ್ಯುಯಲ್ ಕಂಟ್ರೋಲ್ ಬೇಕು. ಕನಿಷ್ಠ 21 ದಿನಗಳ ತರಬೇತಿ, ಅದರಲ್ಲಿ 10 ಗಂಟೆಯಾದರೂ ನಿಜವಾಗಿ ಓಡಿಸಬೇಕು. ಒಂದೇ ಕಾರಿಗೆ ನಾಲ್ವರನ್ನು ತುಂಬಿ, ಪೆಡಲೆಲ್ಲ ತಾವೇ ಒತ್ತಿ, ಕಲಿಯುವವರಿಗೆ ಸ್ಟೇರಿಂಗ್ ಮಾತ್ರ ಹಿಡಿಸುವ ಸ್ಕೂಲುಗಳಿದ್ದರೆ ಅವುಗಳ ಪರವಾನಗಿ ರದ್ದು ಮಾಡಿ. ಆ 10 ಗಂಟೆಯ ಲೆಕ್ಕ ಕೇಳಿ. ಅದು ನ್ಯಾಯವಾದ ಸಿಟ್ಟು. ಆದರೆ ನಿಮ್ಮ ಸಿಟ್ಟು ಅಲ್ಲಿಗೆ ಹೋಗುವುದೇ ಇಲ್ಲ, ಕೈ ನಡುಗುತ್ತಾ ಕೂತವರ ಬೆನ್ನಿಗೆ ಬೀಳುತ್ತದೆ.

2022ರಲ್ಲಿ ಈ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅಪಘಾತ ಮಾಡಿದವರಲ್ಲಿ ಬಹುಪಾಲು ಜನರ ಜೇಬಿನಲ್ಲಿ ಪಕ್ಕಾ ಲೈಸೆನ್ಸ್ ಇತ್ತು ಎನ್ನುವುದು ಕೇಂದ್ರ ಸಾರಿಗೆ ಸಚಿವಾಲಯದ ವರದಿಗಳು ವರ್ಷವರ್ಷ ಹೇಳುತ್ತಿರುವ ಸತ್ಯ. ಕೊಂದದ್ದು ವೇಗ. ಇಪ್ಪತ್ತರ ವೇಗದಲ್ಲಿ ಎಡಕ್ಕೆ ಅಂಟಿಕೊಂಡು ಹೋಗುವ ಎಲ್ ಬೋರ್ಡ್ ಯಾರನ್ನು ಕೊಂದಿತು? ಟೈಮಿಂಗ್ ಹಿಡಿಯಲು ಅದರ ಬಂಪರಿಗೆ ಮೂಗು ತಾಗಿಸಿ ಕರ್ಕಶ ಹಾರ್ನ್ ಹೊಡೆಯುವ ಬಸ್ಸಿನವನಿಗೆ ಲೈಸೆನ್ಸ್ ಇದೆ. ಆ ಹಾರ್ನಿಗೆ ಬೆದರಿ ಕ್ಲಚ್ ಬಿಟ್ಟವರ ಕಾರು ಜಿಗಿದು ಯಾರಿಗಾದರೂ ತಾಗಿದರೆ ತಪ್ಪು ಯಾರದು?

ಈ ಊರಿನಲ್ಲಿ ನಿಧಾನವಾಗಿ ಹೋಗುವ ಯಾರಿಗೂ ಜಾಗವಿಲ್ಲದಂತಾಗಿದೆ. ರಸ್ತೆ ದಾಟಲು ನಿಂತ ಅಜ್ಜಿಗೆ ಯಾರೂ ಬ್ರೇಕ್ ಹಾಕುವುದಿಲ್ಲ. ಫುಟ್‌ಪಾತಿನ ಮೇಲೆ ಸ್ಕೂಟರುಗಳು, ಅದರಿಂದ ಕೆಳಗೆ ಇಳಿದು ನಡೆಯುವ ಶಾಲೆಯ ಮಕ್ಕಳು. ಕಾಂಕ್ರೀಟ್ ಹಾಕಿದೆವು, ಅಗಲ ಮಾಡಿದೆವು ಎಂದು ಬೀಗುವವರು ಅದರ ಮೇಲೆ ನಡೆಯುವವರನ್ನು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ. ಎಲ್ ಬೋರ್ಡಿನ ಮೇಲಿನ ಅಸಹನೆಯೂ ಅದೇ ರೋಗದ ಲಕ್ಷಣ.

ಅನಗತ್ಯವಾಗಿ ಹಾರ್ನ್ ಹೊಡೆದರೆ ಮೊದಲ ಸಲಕ್ಕೆ 1,000, ಮತ್ತೆ ಹೊಡೆದರೆ 2,000 ರೂಪಾಯಿ ದಂಡ ಎಂದು 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯ 194ಎಫ್ ಕಲಮು ಹೇಳುತ್ತದೆ. ಸಂಚಾರ ಪೊಲೀಸರು ಒಂದು ವಾರ ಬೆಳಿಗ್ಗೆ ಅಳಕೆಯಿಂದ ಲೇಡಿಹಿಲ್‌ವರೆಗೆ ನಿಂತು, ಎಲ್ ಬೋರ್ಡಿನ ಹಿಂದೆ ಹಾರ್ನ್ ಒತ್ತಿದ ಪ್ರತಿಯೊಬ್ಬರ ಮೇಲೂ ಈ ಕಲಮು ಹಾಕಲಿ. ಬಸ್ಸಿನವರಿಂದಲೇ ಶುರು ಮಾಡಲಿ.